ಹೊಳೆಯಾಚೆಯ ದೀಪ: ಸಿದ್ಧ ಪಾತ್ರಗಳೊಡನೆ ಕನ್ನಡದಲ್ಲೊಂದು ಸಾಹಸದಾಟ

ವಯನಾಡು ಜಿಲ್ಲೆಯ ಪೆರಿಕಲ್ಲೂರಿನಲ್ಲಿ ಕಬಿನಿ ಹೊಳೆಯೇ ರಾಜ್ಯದ ಗಡಿ. ಈ ದಡದ ಕಡವಿನಲ್ಲಿ ದೋಣಿ ಹತ್ತಿದವರು ಆಚೆ ದಡದಲ್ಲಿ ಇಳಿಯುವುದು ಮೈಸೂರು ಜಿಲ್ಲೆಯ ಬೈರಕುಪ್ಪೆಯಲ್ಲಿ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ಮೂರೇ ನದಿಗಳಲ್ಲಿ ಒಂದಾದ ಕಬಿನಿಯು ಇಲ್ಲಿಂದ ಕರ್ನಾಟಕವನ್ನು ಹೊಕ್ಕು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ನೀರಿಗೆ ಗಡಿಯ ಹಂಗಿಲ್ಲ, ಮಾತಿಗೆ ಇದೆ. ಈ ದಡದ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮೊಮ್ಮಗು ಮಲಯಾಳದಲ್ಲಿ ಉತ್ತರಿಸುವುದು ಇಂದು ಯಾರಿಗೂ ಹೊಸ ಸಂಗತಿಯಾಗಿ ಉಳಿದಿಲ್ಲ. ಮಗುವಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಆಡಲು ಬಾಯಿ ಬರುವುದಿಲ್ಲ. ಕಾಸರಗೋಡಿನಿಂದ ವಯನಾಡಿನವರೆಗಿನ ಗಡಿನಾಡ ಕನ್ನಡಿಗರೆಲ್ಲರೂ ಎದುರಿಸುತ್ತಿರುವ ಸಂಕಟವಿದು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆ ಹಕ್ಕಿಗಾಗಿ ಹೋರಾಡುವುದು ಬೇರೆಯೇ ಕೆಲಸ. ಅದು ನಡೆಯುತ್ತಲೇ ಇರಬೇಕು. ಆದರೆ ಶಾಲೆಯ ಹೊರಗೆ, ವಾರಕ್ಕೆರಡು ಗಂಟೆಯಾದರೂ, ಮಕ್ಕಳು ತಾವಾಗಿಯೇ ಬಾಯಿಬಿಟ್ಟು ಕನ್ನಡ ಮಾತನಾಡುವ ಸಂದರ್ಭವನ್ನು ನಿರ್ಮಿಸುವುದು ನಮ್ಮ ಕೈಯಲ್ಲೇ ಇದೆ. ಅಂಥದ್ದೊಂದು ಸಾಧನವಾಗಿ, ಸಿದ್ಧ ಪಾತ್ರಗಳನ್ನು ಕೊಟ್ಟು ಒಂದೇ ಬೈಠಕ್ಕಿನಲ್ಲಿ ಮುಗಿಸಬಹುದಾದ ಅದ್ಭುತ ಸಾಹಸದ ಆಟವನ್ನು ನಡೆಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಆಟ?

ಮೇಜಿನ ಸುತ್ತಲೋ ಚಾಪೆಯ ಮೇಲೋ ನಾಲ್ಕೈದು ಮಂದಿ ಕುಳಿತು ಆಡುವ ಆಟವಿದು. ಒಬ್ಬರು ನಿರೂಪಕರು, ಉಳಿದವರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ನಿರೂಪಕರು ಸನ್ನಿವೇಶವನ್ನು ವರ್ಣಿಸಿ, "ಈಗ ನೀವು ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ನುಡಿಯುತ್ತಾರೆ. ಫಲಿತಾಂಶ ಸಂದೇಹಾಸ್ಪದವಾಗಿರುವಲ್ಲಿ ಮಾತ್ರ ದಾಳ ಉರುಳಿಸಲಾಗುತ್ತದೆ. ಇಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ. ಎಲ್ಲರೂ ಕೂಡಿ ಒಂದು ಕಥೆಯನ್ನು ಕಟ್ಟುತ್ತಾರೆ.

ಮುದ್ರಿತ ರೂಪದಲ್ಲಿ ಈ ಪ್ರಕಾರ ಜಗತ್ತಿಗೆ ಪರಿಚಯವಾದದ್ದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಅದರ ಮೊದಲ ಪ್ರಸಿದ್ಧ ಕೃತಿ. ಆಟಗಾರರು ಸಮಾವೇಶಗಳಲ್ಲಿ ಸೇರಿ ಕೆಲವೇ ಗಂಟೆಗಳಲ್ಲಿ ಒಂದು ಕಥೆಯನ್ನು ಮುಗಿಸಬೇಕಾದಾಗ, ಪಾತ್ರಗಳನ್ನು ಮೊದಲೇ ಸಿದ್ಧಪಡಿಸಿ ಹಂಚುವ ಪದ್ಧತಿ ಬಳಕೆಗೆ ಬಂದಿತು. ಹೊಸಬರಿಗಾಗಿ ಹೊರಬರುವ ಪೆಟ್ಟಿಗೆಗಳಲ್ಲಿ ಇಂದಿಗೂ ಸಿದ್ಧ ಪಾತ್ರಗಳಿರುತ್ತವೆ. 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳ ಒಂದು ಪಾಠವನ್ನು ಪ್ರಕಾಶಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದ್ದಾರೆ. ಮೂಲವನ್ನು ಸ್ಮರಿಸಿ ಅದನ್ನು ಕನ್ನಡಿಸಲು ಯಾರ ಅನುಮತಿಯೂ ಬೇಕಿಲ್ಲ. ಆದರೆ ನಮ್ಮ ಉದ್ದೇಶಕ್ಕೆ ನೂರಾರು ಪುಟಗಳ ಆ ನಿಯಮಾವಳಿಯೂ ಅನಗತ್ಯ.

ತಾಳಮದ್ದಳೆ ಬಲ್ಲವರಿಗೆ ಇದು ಪರಕೀಯವಲ್ಲ

ಯಕ್ಷಗಾನ ತಾಳಮದ್ದಳೆಯನ್ನು ಕಂಡವರಿಗೆ ಈ ಆಟದ ಮರ್ಮ ಬೇಗನೆ ಹೊಳೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ವಾಲಿಯ ಅರ್ಥ ಹೇಳುವವರು ವಾಲಿಯನ್ನು ಸೃಷ್ಟಿಸಬೇಕಾಗಿಲ್ಲ. ಅವನ ಪರಾಕ್ರಮ, ತಮ್ಮನೊಡನೆಯ ವೈರ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನ ಮೇಲಿನ ಆಕ್ಷೇಪ, ಇವೆಲ್ಲವೂ ಸಿದ್ಧವಾಗಿಯೇ ಕೈಗೆ ಬರುತ್ತವೆ. ಅರ್ಥಧಾರಿಯದ್ದು ಮಾತು ಮಾತ್ರ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾಗಿರುವ ರಾಮಾಯಣ ಪ್ರಸಂಗಗಳನ್ನು ಎಷ್ಟು ಬಾರಿ ಆಡಿದರೂ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಬಾಯಲ್ಲಿ ಅವು ಹೊಸತಾಗಿ ಕೇಳಿಸುತ್ತಿದ್ದುದು ಇದರಿಂದಲೇ. ಪಾತ್ರ ಸಿದ್ಧವಾಗಿದ್ದಷ್ಟೂ ಮಾತಿಗೆ ಸ್ವಾತಂತ್ರ್ಯ ಹೆಚ್ಚು.

ನಮ್ಮ ಆಟದ ನಿರೂಪಕರು ಭಾಗವತರ ಸ್ಥಾನದಲ್ಲಿ ನಿಲ್ಲುತ್ತಾರೆ: ಕಥೆಯನ್ನು ಎತ್ತಿಕೊಡುವುದು, ಎಳೆದಾಡುವ ಸಂವಾದವನ್ನು ಮುಂದಕ್ಕೆ ಒಯ್ಯುವುದು, ಹಿಂಜರಿದವರಿಗೆ ಅವಕಾಶ ಮಾಡಿಕೊಡುವುದು ಅವರ ಹೊಣೆ. ಒಂದೇ ಮುಖ್ಯ ವ್ಯತ್ಯಾಸವಿದೆ. ಪ್ರಸಂಗದಲ್ಲಿ ಅಂತ್ಯ ನಿಶ್ಚಿತ. ಎಷ್ಟೇ ಸೊಗಸಾಗಿ ವಾದಿಸಿದರೂ ವಾಲಿ ಬದುಕುವುದಿಲ್ಲ. ಈ ಆಟದಲ್ಲಿ ಅಂತ್ಯ ಆಟಗಾರರ ಕೈಯಲ್ಲಿದೆ.

ಸಿದ್ಧ ಪಾತ್ರಗಳೇ ಏಕೆ?

ಮೊದಲನೆಯ ಕಾರಣ ಸಮಯ. ಪಾತ್ರವನ್ನು ಆಟಗಾರರೇ ರಚಿಸಿಕೊಳ್ಳಲು ಹೊರಟರೆ, ಹೊಸಬರಿಗೆ ಮೊದಲ ಭೇಟಿಯೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಎರಡನೆಯದು ಕಥೆಯ ಹೆಣಿಗೆ. ಪಾತ್ರಗಳು ಮೊದಲೇ ತಿಳಿದಿದ್ದರೆ, ಪ್ರತಿಯೊಂದಕ್ಕೂ ಕಥೆಯಲ್ಲಿ ಒಂದು ಬೆಳಗುವ ಗಳಿಗೆಯನ್ನು ನಿರೂಪಕರು ಇರಿಸಬಲ್ಲರು. ಮೂರನೆಯದು ನಮಗೆ ಅತ್ಯಂತ ಮುಖ್ಯವಾದದ್ದು. ಕನ್ನಡ ತಪ್ಪಾದೀತೆಂದು ಅಳುಕುವ ಮಗುವಿಗೆ ಪಾತ್ರವು ಒಂದು ಆಸರೆ. ತಪ್ಪಿದರೆ ತಪ್ಪಿದ್ದು ಅಂಬಿಗ, ತಾನಲ್ಲ ಎಂಬ ಧೈರ್ಯ ಅದಕ್ಕೆ ಬರುತ್ತದೆ.

ಪಾತ್ರದ ಹಾಳೆ

ಪ್ರತಿ ಪಾತ್ರಕ್ಕೆ ಅರ್ಧ ಹಾಳೆ ಸಾಕು. ಅದರಲ್ಲಿ ಆರು ಅಂಶಗಳಿರಲಿ: ಹೆಸರು ಮತ್ತು ಒಂದೇ ವಾಕ್ಯದ ಪರಿಚಯ, ಚೆನ್ನಾಗಿ ಬಲ್ಲ ಎರಡು ವಿದ್ಯೆಗಳು, ಒಂದು ದೌರ್ಬಲ್ಯ, ಈ ಕಥೆಯಲ್ಲಿ ಆ ಪಾತ್ರಕ್ಕೆ ಬೇಕಾದ್ದೇನು ಎಂಬುದು, ಬೇರೊಂದು ಪಾತ್ರದೊಡನೆ ಇರುವ ನಂಟು, ಹಾಗೂ ಬಾಯಿಗೆ ಒದಗುವ ಮೂರು ಸಿದ್ಧ ಮಾತುಗಳು. ಕೊನೆಯದನ್ನು ಬಿಡಬಾರದು. ಏನು ಹೇಳಲೂ ತೋಚದಾಗ ಮಗು ಹಾಳೆಯನ್ನು ನೋಡಿ ಒಂದು ಮಾತನ್ನು ಆಡಬಲ್ಲದು. ಒಂದಾದ ಮೇಲೆ ಎರಡನೆಯದು ತಾನಾಗಿ ಬರುತ್ತದೆ. ಕನ್ನಡ ಲಿಪಿ ಬಾರದ ಮಕ್ಕಳಿಗಾಗಿ ಅದೇ ಕನ್ನಡ ಮಾತನ್ನು ಕೆಳಗೆ ಮಲಯಾಳ ಲಿಪಿಯಲ್ಲಿಯೂ ಬರೆಯಬೇಕು. ಲಿಪಿ ಬಾರದೆಂಬ ಕಾರಣಕ್ಕೆ ಯಾವ ಮಗುವೂ ಚಾಪೆಯಿಂದ ಹೊರಗುಳಿಯಬಾರದು.

ಉದಾಹರಣೆಗೆ, ಈ ಲೇಖನಕ್ಕೆಂದೇ ಕಲ್ಪಿಸಿದ ನಾಲ್ಕು ಪಾತ್ರಗಳು ಇವು:

ಅಂಬಿಗ ಮಾರ: ಹೊಳೆಯ ಸುಳಿಗಳನ್ನೂ ದೋಣಿಯನ್ನೂ ಬಲ್ಲವನು. ಕತ್ತಲೆಂದರೆ ಭಯ; ಅದನ್ನು ಯಾರಿಗೂ ಹೇಳಿಲ್ಲ. ಆಚೆ ದಡದಲ್ಲಿರುವ ತಂಗಿಯನ್ನು ನೋಡಬೇಕು. ಸಿದ್ಧ ಮಾತು: "ಹೊಳೆ ಏನಂತದೆ ಅಂತ ಮೊದ್ಲು ಕೇಳೋಣ."

ಮದ್ದಿನ ನಂಜಜ್ಜಿ: ಬೇರು, ಸೊಪ್ಪು, ಗಾಯದ ಆರೈಕೆ ತಿಳಿದವಳು, ಜನರ ಮುಖ ನೋಡಿ ಮನಸ್ಸನ್ನು ಓದಬಲ್ಲಳು. ವೇಗವಾಗಿ ನಡೆಯಲಾರಳು. ಆಚೆ ದಡದ ಕಾಯಿಲೆಯ ಮಗುವಿಗೆ ಮದ್ದು ಮುಟ್ಟಿಸಬೇಕು. ಸಿದ್ಧ ಮಾತು: "ಹೆದರಬೇಡ ಮಗಾ, ನಾನಿದೀನಿ."

ಬಿಲ್ಲಿನ ಗೌರಿ: ಊರ ಕಾವಲುಗಾತಿ. ಗುರಿ ತಪ್ಪದವಳು, ಸದ್ದಿಲ್ಲದೆ ನಡೆಯಬಲ್ಲವಳು. ಮೂಗಿನ ತುದಿಯಲ್ಲೇ ಸಿಟ್ಟು. ದೀಪವನ್ನು ಕದ್ದವರು ಯಾರೆಂದು ತಿಳಿಯಬೇಕು. ಸಿದ್ಧ ಮಾತು: "ಯಾರದು? ಬೆಳಕಿಗೆ ಬಾ!"

ತಾಳದ ಚೆನ್ನ: ಹಾಡುಗಾರ. ಹಾಡಿ ಪ್ರಾಣಿಗಳನ್ನು ಸಮಾಧಾನಪಡಿಸಬಲ್ಲ. ಹಳೆಯ ಕಥೆಗಳನ್ನೆಲ್ಲ ಬಲ್ಲ. ಬಾಯಿ ಸುಮ್ಮನಿರದು, ಗುಟ್ಟು ನಿಲ್ಲದು. ಯಾರೂ ಕೇಳದ ಕಥೆಯೊಂದನ್ನು ಹೊತ್ತು ತರಬೇಕು. ಸಿದ್ಧ ಮಾತು: "ಇದಕ್ಕೊಂದು ಕಥೆ ಇದೆ, ಕೇಳ್ತೀರಾ?"

ಮೂರು ದೃಶ್ಯಗಳ ಕಥೆ

ಸಣ್ಣ ಸಾಹಸಕ್ಕೆ ಮೂರು ದೃಶ್ಯಗಳು ಹಿತ. ಒಟ್ಟು ಎರಡೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು: ಪರಿಚಯಕ್ಕೂ ಪಾತ್ರಗಳ ಆಯ್ಕೆಗೂ 15 ನಿಮಿಷ, ಮೊದಲ ದೃಶ್ಯಕ್ಕೆ 30, ಎರಡನೆಯದಕ್ಕೆ 45, ಮೂರನೆಯದಕ್ಕೆ 45, ಕೊನೆಯ ಹರಟೆಗೆ 15.

ಕಥೆಯ ಬೀಜ ಇಷ್ಟು: ಒಂದು ಕಾಲ್ಪನಿಕ ಹೊಳೆಯೂರು. ಆಚೆ ದಡದ ಕಡವಿನಲ್ಲಿ ರಾತ್ರಿಯೆಲ್ಲ ಉರಿಯುತ್ತಿದ್ದ ದೀಪ ಮೂರು ದಿನಗಳಿಂದ ಕಾಣುತ್ತಿಲ್ಲ. ದೀಪವಿಲ್ಲದೆ ದೋಣಿ ದಡ ಸೇರದು. ಆಚೆ ಒಂದು ಮಗು ಜ್ವರದಿಂದ ಮಲಗಿದೆ. ಮದ್ದು ಈ ದಡದಲ್ಲಿದೆ.

ಮೊದಲ ದೃಶ್ಯ ಈ ದಡದ ಕಡವು. ದೋಣಿಯ ಯಜಮಾನ ಇರುಳಿನಲ್ಲಿ ದೋಣಿ ಬಿಡಲು ಒಪ್ಪುತ್ತಿಲ್ಲ. ಇಲ್ಲಿ ಬೇಕಾದದ್ದು ಮಾತು. ಬೇಡಿಕೊಳ್ಳಬಹುದು, ವಾದಿಸಬಹುದು, ಬೇರೆ ದೋಣಿ ಹುಡುಕಬಹುದು. ಆಟದ ನಡಿಗೆ ಹೀಗಿರುತ್ತದೆ:

ನಿರೂಪಕ (ಯಜಮಾನನಾಗಿ): "ದೀಪ ಇಲ್ದೆ ದೋಣಿ ಬಿಡಾಕಿಲ್ಲ. ನಾಳೆ ಬನ್ನಿ."
ನಂಜಜ್ಜಿ: "ನಾಳೆ ಅಂದ್ರೆ ಆ ಮಗೀಗೆ ತಡ ಆಗ್ತದಪ್ಪ. ನಿಂಗೂ ಮಕ್ಕಳಿದಾರಲ್ವಾ?"
ನಿರೂಪಕ: "ಅವನು ತಲೆ ತಗ್ಗಿಸುತ್ತಾನೆ. ಅಜ್ಜಿ ಮುಖ ನೋಡಿ ಮನಸ್ಸು ಓದಬಲ್ಲವಳು. ಅವನಿಗೆ ಹೊಳೆಗಿಂತ ಬೇರೆ ಯಾವುದರದ್ದೋ ಭಯವಿದೆ ಎಂದು ನಿನಗೆ ತಿಳಿಯುತ್ತದೆ. ಏನು ಕೇಳುತ್ತೀಯ?"

ಇಲ್ಲಿ ದಾಳ ಉರುಳಲಿಲ್ಲ ಎಂಬುದನ್ನು ಗಮನಿಸಬೇಕು. ಕಥೆ ಮುಂದುವರಿಯಲು ಅವಶ್ಯವಾದ ಸುಳಿವನ್ನು ಅದೃಷ್ಟಕ್ಕೆ ಬಿಡಬಾರದು. ಕೇಳಿದವರಿಗೆ ಅದು ಸಿಗಲೇಬೇಕು.

ಎರಡನೆಯ ದೃಶ್ಯ ನಡುಹೊಳೆ. ಕೊಚ್ಚಿ ಬರುವ ಮರದ ದಿಮ್ಮಿ, ಸುಳಿ, ಈಜಿ ದಾಟುತ್ತಿರುವ ಆನೆಗಳ ಹಿಂಡು. ಅಪಾಯಗಳು ಒಂದೊಂದಾಗಿ ಬರಲಿ. ಒಂದೊಂದೂ ಬೇರೆ ಬೇರೆ ಪಾತ್ರದ ವಿದ್ಯೆಯನ್ನು ಕರೆಯಲಿ. ಸುಳಿಗೆ ಮಾರ, ಆನೆಗಳಿಗೆ ಚೆನ್ನ, ನೀರಿನೊಳಗೆ ಹೊಳೆಯುವ ಕಣ್ಣುಗಳಿಗೆ ಗೌರಿ.

ಮೂರನೆಯ ದೃಶ್ಯ ನಡುಗಡ್ಡೆ. ದೀಪವನ್ನು ಒಯ್ದವನು ಮಡುವಿನ ಯಕ್ಷ. ಅವನು ದುಷ್ಟನಲ್ಲ. ಹೊಳೆ ದಾಟುವವರು ಹಿಂದೆ ಅವನನ್ನು ಹೆಸರು ಹಿಡಿದು ಕರೆದು ಹೋಗುತ್ತಿದ್ದರು. ಈಗ ಯಾರಿಗೂ ಆ ಹೆಸರು ನೆನಪಿಲ್ಲ. ದೀಪಕ್ಕೆ ಬದಲಾಗಿ ಅವನು ಕೇಳುವುದು ಹೊನ್ನನ್ನಲ್ಲ. "ನಿಮ್ಮ ಮನೆಯಲ್ಲಿ ಇದ್ದು, ಈಗ ಯಾರೂ ಆಡದ ಒಂದೊಂದು ಮಾತನ್ನು ನನಗೆ ಹೇಳಿ. ಅದರ ಅರ್ಥವನ್ನೂ ಹೇಳಿ" ಎನ್ನುತ್ತಾನೆ.

ಇದಕ್ಕಾಗಿ ಆಟಕ್ಕೆ ಒಂದು ವಾರ ಮುಂಚೆಯೇ ಮಕ್ಕಳಿಗೆ ಒಂದು ಕೆಲಸ ಕೊಡಬೇಕು: ಮನೆಯ ಹಿರಿಯರಲ್ಲಿ ಕೇಳಿ, ತಾವು ಎಂದೂ ಬಳಸದ ಮೂರು ಕನ್ನಡ ಪದಗಳನ್ನು ಬರೆದು ತರುವುದು. ಅಡುಗೆಮನೆಯ ಪಾತ್ರೆಯ ಹೆಸರಿರಬಹುದು, ಮಳೆಯ ಬಗೆಯಿರಬಹುದು, ಗದ್ದೆಯ ಕೆಲಸವಿರಬಹುದು. ಏಕೆಂದು ಮೊದಲೇ ಹೇಳಬೇಕಾಗಿಲ್ಲ. ಯಕ್ಷನು ಕೇಳಿದ ಗಳಿಗೆಯಲ್ಲಿ, ಅಜ್ಜಿಯ ಬಾಯಿಂದ ಪಡೆದ ಪದವೇ ದೀಪದ ಬೆಲೆಯಾಗುತ್ತದೆ. ಕದಿಯಲೋ ಕಾದಾಡಲೋ ಹೊರಟರೆ ಅದಕ್ಕೂ ಅವಕಾಶವಿರಲಿ; ಆದರೆ ಆ ಹಾದಿ ಕಷ್ಟದ್ದು, ಯಕ್ಷನ ಮುನಿಸು ಹೊಳೆಯಲ್ಲಿ ಉಳಿಯುತ್ತದೆ.

ದಾಳದ ಬದಲು ಹುಣಸೆಬೀಜ

ಅಂಗಡಿಯಲ್ಲಿ ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಚಿಂತೆಯಿಲ್ಲ. ಚೌಕಾಬಾರ ಆಡಿದ ನಾಡಿಗೆ ಕವಡೆ, ಹುಣಸೆಬೀಜಗಳ ಪರಿಚಯವಿದೆ. ಬೀಜವನ್ನು ಸೀಳಿದರೆ ಒಂದು ಮಗ್ಗುಲು ಕಂದು, ಇನ್ನೊಂದು ಬಿಳಿ. ನಾಲ್ಕು ಹೋಳುಗಳನ್ನು ಚೆಲ್ಲಿ ಬಿಳಿ ಎಷ್ಟು ಬಿದ್ದವೆಂದು ಎಣಿಸಬೇಕು. ಸಾಮಾನ್ಯ ಕೆಲಸಕ್ಕೆ ಎರಡು ಬಿಳಿ ಸಾಕು. ಕಷ್ಟದ ಕೆಲಸಕ್ಕೆ ಮೂರು ಬೇಕು. ಹಾಳೆಯಲ್ಲಿ ಬರೆದ ವಿದ್ಯೆಗೆ ಸಂಬಂಧಿಸಿದ ಕೆಲಸವಾದರೆ ಐದನೆಯ ಹೋಳನ್ನು ಸೇರಿಸಿ ಚೆಲ್ಲಬೇಕು.

ಬೀಜ ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಲೆಕ್ಕ ಹೀಗೆ: ನಾಲ್ಕು ಹೋಳುಗಳಲ್ಲಿ ಎರಡಾದರೂ ಬಿಳಿ ಬೀಳುವ ಸಾಧ್ಯತೆ 16ರಲ್ಲಿ 11, ಐದು ಹೋಳುಗಳಲ್ಲಿ 32ರಲ್ಲಿ 26. ಮೂರಾದರೂ ಬಿಳಿ ಬೀಳುವುದು ನಾಲ್ಕು ಹೋಳುಗಳಲ್ಲಿ 16ರಲ್ಲಿ 5. ಐದರಲ್ಲಿ ಸರಿಯಾಗಿ ಅರ್ಧ. ಅಂದರೆ ವಿದ್ಯೆ ಬಲ್ಲವನಿಗೆ ಕಷ್ಟದ ಕೆಲಸವೂ ಸರಿಪಾಲು ಸಾಧ್ಯ. ಹೋಳುಗಳನ್ನು ಮೊದಲೇ ಇಪ್ಪತ್ತು ಬಾರಿ ಚೆಲ್ಲಿ ನೋಡಿ, ಒಂದೇ ಕಡೆಗೆ ಬೀಳುವವನ್ನು ಕಲ್ಲಿಗೆ ಉಜ್ಜಿ ಸಮ ಮಾಡಿಕೊಳ್ಳಬೇಕು.

ಬೀಜ ಸೋತರೆ ಕಥೆ ನಿಲ್ಲಬಾರದು. ಬೆಲೆ ತೆರಬೇಕು, ಅಷ್ಟೆ. ಸುಳಿಯನ್ನು ದಾಟಲು ಮಾರನಿಗೆ ಆಗಲಿಲ್ಲವೆಂದರೆ ದೋಣಿ ಮುಳುಗಿತೆಂದು ಹೇಳಬೇಡಿ. ದೋಣಿ ದಾಟಿತು, ಆದರೆ ಹುಟ್ಟು ಕೊಚ್ಚಿಹೋಯಿತು ಎನ್ನಿ. ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ನಿರೂಪಕರ ಸಂಯಮ

ಕಥೆ ಬಲ್ಲ ಹಿರಿಯರು ನಿರೂಪಕರಾದಾಗ ತಾವೇ ಮಾತನಾಡುತ್ತ ಹೋಗುವ ಅಪಾಯವಿದೆ. ವರ್ಣನೆ ಮೂರು ನಾಲ್ಕು ವಾಕ್ಯಗಳನ್ನು ಮೀರದಿರಲಿ. ಪ್ರತಿ ವರ್ಣನೆಯೂ ಒಂದು ಪ್ರಶ್ನೆಯಲ್ಲಿ ಮುಗಿಯಲಿ. ಸುಮ್ಮನಿರುವ ಮಗುವನ್ನು "ನೀನೂ ಮಾತಾಡು" ಎಂದು ಒತ್ತಾಯಿಸುವ ಬದಲು, "ಗೌರೀ, ನಿನಗೆ ಮಾತ್ರ ಒಂದು ಸದ್ದು ಕೇಳಿಸಿತು" ಎಂದು ಪಾತ್ರದ ಮೂಲಕ ಕರೆಯಬೇಕು. ಮಕ್ಕಳು ತಾವು ಎಣಿಸದ ಹಾದಿ ಹಿಡಿದರೆ ಅದನ್ನೇ ಕಥೆಯಾಗಿಸಬೇಕು. ಯಾರಿಗಾದರೂ ಭಯವೋ ಬೇಸರವೋ ಆದರೆ ಅಂಗೈಯನ್ನು ಚಾಪೆಯ ಮೇಲೆ ಊರಿದರೆ ಸಾಕು, ಆ ಸನ್ನಿವೇಶವನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗುವುದೆಂದು ಆರಂಭದಲ್ಲೇ ತಿಳಿಸಿರಬೇಕು.

ಭಾಷೆಯ ವಿಷಯದಲ್ಲಿ ನಿಯಮ ಒಂದೇ. ಕನ್ನಡ ಪದ ಹೊಳೆಯದಿದ್ದರೆ ಮಲಯಾಳದಲ್ಲಿ ಹೇಳಬಹುದು. ಗೊತ್ತಿರುವವರು ಕನ್ನಡ ಪದವನ್ನು ಒದಗಿಸುತ್ತಾರೆ. ನಿರೂಪಕರು ಉತ್ತರಿಸುವಾಗ ಅದನ್ನು ಒಮ್ಮೆ ಬಳಸುತ್ತಾರೆ. ದಂಡವಿಲ್ಲ, ನಗೆಯಿಲ್ಲ, ತಿದ್ದುಪಡಿಯ ಪಾಠವಿಲ್ಲ. ಮಲಯಾಳ ನಮ್ಮ ಮಕ್ಕಳ ಶಾಲೆಯ ಭಾಷೆ, ನೆರೆಮನೆಯ ಭಾಷೆ. ಅದನ್ನು ಹಗೆಯೆಂದು ಕಾಣುವ ಆಟದಿಂದ ಕನ್ನಡಕ್ಕೆ ಲಾಭವಿಲ್ಲ. ಮಲಯಾಳಿ ಗೆಳೆಯನೊಬ್ಬ ಚಾಪೆಗೆ ಬಂದು ಕುಳಿತರೆ ಅವನಿಗೂ ಒಂದು ಹಾಳೆ ಇರಲಿ.

ಎರಡು ಎಚ್ಚರಿಕೆಗಳು

ವಿದೇಶಿ ಆಟಗಳಲ್ಲಿ ಪಾತ್ರಗಳನ್ನು ಕುಲಗಳಾಗಿ ವಿಂಗಡಿಸುವ ರೂಢಿಯಿದೆ. ಅದನ್ನು ಇಲ್ಲಿಗೆ ತರುವಾಗ ವಯನಾಡಿನ ಜೀವಂತ ಸಮುದಾಯಗಳ, ವಿಶೇಷವಾಗಿ ಆದಿವಾಸಿ ಸಮುದಾಯಗಳ ಹೆಸರನ್ನು ಪಾತ್ರಗಳಿಗೋ ಕಾಡಿನ ವಿಚಿತ್ರ ಜೀವಿಗಳಿಗೋ ಇಡಲೇಬಾರದು. ಅವರ ಮಕ್ಕಳೂ ಇದೇ ಚಾಪೆಯಲ್ಲಿ ಕುಳಿತಿರುತ್ತಾರೆ. ಪಾತ್ರವನ್ನು ಗುರುತಿಸುವುದು ಕಸುಬು ಮತ್ತು ಸ್ವಭಾವದಿಂದಲೇ ಆಗಲಿ, ಹುಟ್ಟಿನಿಂದಲ್ಲ. ಎರಡನೆಯದಾಗಿ, ಪುಲ್ಪಳ್ಳಿಯ ಸೀತಾ-ಲವ-ಕುಶ ಸನ್ನಿಧಿಯಂತಹ ಶ್ರದ್ಧೆಯ ತಾಣಗಳು ಸಮೀಪದಲ್ಲೇ ಇವೆ. ಆರಾಧ್ಯ ದೇವತೆಗಳನ್ನು ಬೀಜ ಚೆಲ್ಲಿ ಸೋಲಿಸುವ ಎದುರಾಳಿಗಳನ್ನಾಗಿ ಮಾಡದೆ, ಕಾಲ್ಪನಿಕ ಯಕ್ಷನಲ್ಲೇ ತೃಪ್ತರಾಗುವುದು ಒಳಿತು.

ಆರಂಭಿಸಲು ಬೇಕಾದದ್ದು

ನಾಲ್ಕು ಅರ್ಧ ಹಾಳೆ, ಒಂದು ಹಿಡಿ ಹುಣಸೆಬೀಜ, ಒಂದು ಚಾಪೆ, ಊರ ವಾಚನಾಲಯದ ಒಂದು ಮೂಲೆ. ನಾಲ್ಕಕ್ಕಿಂತ ಹೆಚ್ಚು ಮಕ್ಕಳು ಬಂದರೆ ಇಬ್ಬರು ಸೇರಿ ಒಂದು ಪಾತ್ರವನ್ನು ಹಂಚಿಕೊಳ್ಳಲಿ. ಹತ್ತು ಮಂದಿಯಾದರೆ ಎರಡು ಗುಂಪು, ಇಬ್ಬರು ನಿರೂಪಕರು. ಮೊದಲ ಆಟವನ್ನು ಹಿರಿಯರು ನಡೆಸಿಕೊಟ್ಟರೆ, ಮೂರನೆಯ ಆಟದ ಹೊತ್ತಿಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಿರೂಪಕಿಯಾಗುವಂತೆ ಯೋಜಿಸಬೇಕು. ಆ ಬದಲಾವಣೆ ಆಗದಿದ್ದರೆ ಇದು ಹಿರಿಯರ ಇನ್ನೊಂದು ಶಿಬಿರವಾಗಿ ಕೊನೆಗೊಳ್ಳುತ್ತದೆ.

ಒಂದು ಆಟದಿಂದ ಭಾಷೆ ಉಳಿಯುತ್ತದೆ ಎಂದು ಹೇಳುವುದು ಅತಿಶಯೋಕ್ತಿ. ಕನ್ನಡ ಕಲಿಸುವ ಶಿಕ್ಷಕರ ಬದಲಿಗೆ, ಶಾಲೆಯ ಬದಲಿಗೆ ಇದು ನಿಲ್ಲಲಾರದು. ಆದರೆ ಕೇಳಿ ಮಾತ್ರ ತಿಳಿಯುವ ಭಾಷೆಗೂ ಆಡಿ ತಿಳಿಯುವ ಭಾಷೆಗೂ ನಡುವೆ ಇರುವ ಹೊಳೆ ಅಗಲವಾದದ್ದು. ಬೇಡಿಕೊಳ್ಳಲು, ವಾದಿಸಲು, ಹೆದರಿಸಲು, ಸಂತೈಸಲು, ನಗಿಸಲು ಕನ್ನಡವನ್ನು ಎರಡು ಗಂಟೆ ಬಳಸಿದ ಮಗು ಆ ಹೊಳೆಗೆ ದೋಣಿ ಇಳಿಸಿದೆ ಎಂದೇ ಅರ್ಥ. ಆಟದ ಕೊನೆಯ ಹದಿನೈದು ನಿಮಿಷಗಳಲ್ಲಿ ಯಕ್ಷನಿಗೆ ಕೊಟ್ಟ ಪದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು: ಪದ, ಅರ್ಥ, ಹೇಳಿದ ಹಿರಿಯರು ಮಗುವಿಗೆ ಏನಾಗಬೇಕು ಎಂಬ ನಂಟು. ಮುಂದಿನ ಆಟದಲ್ಲಿ ಯಕ್ಷನು ಹಳೆಯ ಪದಗಳನ್ನು ಸ್ವೀಕರಿಸುವುದಿಲ್ಲ. ಮಕ್ಕಳು ಮತ್ತೆ ಅಜ್ಜಿಯ ಬಳಿಗೇ ಹೋಗಬೇಕಾಗುತ್ತದೆ.